ಡಿಕ್ಷನರಿಗೆ ಪದ ಕಳಿಸಿದ ಡಾಕ್ಟರ್ ಮೈನರ್

ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿ ನಮಗೆಲ್ಲ ಗೊತ್ತು. ಆದರೆ ಅದರ ಮೊದಲ ಆವೃತ್ತಿಗೆ ಸಾವಿರಾರು ಉದಾಹರಣೆ ವಾಕ್ಯ ಹುಡುಕಿಕೊಟ್ಟ ವಿಲಿಯಂ ಚೆಸ್ಟರ್ ಮೈನರ್, ಒಬ್ಬ ಮನುಷ್ಯನನ್ನು ಕೊಂದು ಮಾನಸಿಕ ಆಸ್ಪತ್ರೆಯಲ್ಲಿ ಬೀಗದೊಳಗೆ ಇದ್ದವರು ಅನ್ನೋದು ನಮ್ಮಲ್ಲಿ ಹೆಚ್ಚು ಜನಕ್ಕೆ ಗೊತ್ತಿಲ್ಲ.

ಮೈನರ್ ಹುಟ್ಟಿದ್ದು 1834ರಲ್ಲಿ, ಸಿಲೋನಿನಲ್ಲಿ, ಅಂದರೆ ಇವತ್ತಿನ ಶ್ರೀಲಂಕಾದಲ್ಲಿ. ಅಪ್ಪ ಅಮೆರಿಕದ ಮಿಷನರಿ. ಹದಿನಾಲ್ಕನೇ ವಯಸ್ಸಿಗೆ ಮಗನನ್ನು ಅಮೆರಿಕಕ್ಕೆ ಓದಲು ಕಳಿಸಿದರು. 1863ರಲ್ಲಿ ಯೇಲ್‌ನಿಂದ ಮೆಡಿಕಲ್ ಡಿಗ್ರಿ, ಆಮೇಲೆ ಅಂತರ್ಯುದ್ಧದ ಸೈನ್ಯದಲ್ಲಿ ಸರ್ಜನ್ ಕೆಲಸ. ಯುದ್ಧ ಮುಗಿದ ಮೇಲೆ ಯಾರೋ ತಮ್ಮನ್ನು ಹಿಂಬಾಲಿಸುತ್ತಿದ್ದಾರೆ, ಕೊಲ್ಲೋಕೆ ಬರ್ತಿದ್ದಾರೆ ಅನ್ನೋ ಭಯ ಹೆಚ್ಚಾಗುತ್ತಾ ಹೋಯಿತು. 1868ರಲ್ಲಿ ವಾಷಿಂಗ್ಟನ್‌ನ ಮಾನಸಿಕ ಆಸ್ಪತ್ರೆ ಸೇರಿದರು. ಅಲ್ಲಿಂದ ಹೊರಬಂದು, ಜಾಗ ಬದಲಾದರೆ ಒಳ್ಳೆಯದಾಗಬಹುದು ಅಂತ ಲಂಡನ್ನಿಗೆ ಹೋದರು. ಭಯವೂ ಜೊತೆಗೇ ಹೋಯಿತು.

1872ರ ಫೆಬ್ರವರಿ 17, ಬೆಳಗಾಗೋದಕ್ಕೆ ಇನ್ನೂ ತುಂಬಾ ಹೊತ್ತಿತ್ತು. ರೂಮಿಗೆ ಯಾರೋ ನುಗ್ಗಿದರು ಅಂದುಕೊಂಡ ಮೈನರ್ ಪಿಸ್ತೂಲು ಹಿಡಿದು ರಸ್ತೆಗೆ ಓಡಿ ಗುಂಡು ಹಾರಿಸಿದರು. ಸತ್ತಿದ್ದು ಜಾರ್ಜ್ ಮೆರೆಟ್, ಡ್ಯೂಟಿಗೆ ಹೊರಟಿದ್ದ ಬ್ರೂವರಿ ಕೆಲಸಗಾರ. ಆರು ಮಕ್ಕಳು, ಹೆಂಡತಿ ಎಲೈಜಾ ಮತ್ತೆ ಗರ್ಭಿಣಿ. ಈ ಮನೆಯನ್ನು ಮರೆತು ಮೈನರ್ ಬದುಕನ್ನು ಬರೀ ಜೀನಿಯಸ್ ಕಥೆ ಮಾಡೋದು ನಮಗೆ ಸರಿ ಅನ್ನಿಸಲ್ಲ. ಕೋರ್ಟು ಬುದ್ಧಿ ಸ್ವಾಧೀನದಲ್ಲಿರಲಿಲ್ಲ ಅಂತ ತೀರ್ಮಾನಿಸಿ ಬ್ರಾಡ್‌ಮೂರ್ ಆಸ್ಪತ್ರೆಗೆ ಕಳಿಸಿತು.

ಸೈನ್ಯದ ಪೆನ್ಷನ್ ಬರುತ್ತಿತ್ತು, ಅದರಲ್ಲಿ ಪುಸ್ತಕ ತರಿಸಿಕೊಂಡರು. ಕೆಲ ವರ್ಷಗಳ ನಂತರ ಎಲೈಜಾ ಮೆರೆಟ್ ಅವರೇ ನೋಡಲು ಬಂದರು, ಪುಸ್ತಕವನ್ನೂ ತಂದುಕೊಟ್ಟರು. ಆಕೆ ಹೇಗೆ ಮನಸ್ಸು ಮಾಡಿದರೋ!

1879ರಲ್ಲಿ ಸಂಪಾದಕ ಜೇಮ್ಸ್ ಮರ್ರೆ, ಪುಸ್ತಕಗಳನ್ನು ಓದಿ ಪದಗಳ ಬಳಕೆ ಹುಡುಕಿಕೊಡಿ ಅಂತ ಜನರನ್ನು ಕೇಳಿಕೊಂಡರು. ಹೆಚ್ಚಿನವರು ಕಣ್ಣಿಗೆ ಬಿದ್ದ ಅಪರೂಪದ ಪದಗಳನ್ನು ಚೀಟಿಯಲ್ಲಿ ಬರೆದು ರಾಶಿ ರಾಶಿ ಕಳಿಸಿದರು. ಮೈನರ್ ಹಾಗೆ ಮಾಡಲಿಲ್ಲ. ಒಂದು ಪುಸ್ತಕ ತಗೊಂಡರೆ, ಕಾಗದ ಮಡಚಿ ಸಣ್ಣ ಬುಕ್‌ಲೆಟ್ ಮಾಡಿ, ಮುಖ್ಯ ಅನ್ನಿಸಿದ ಪದಗಳನ್ನು ಅಕ್ಷರ ಕ್ರಮದಲ್ಲಿ, ಪುಟ ಸಂಖ್ಯೆ ಸಮೇತ ಚಿಕ್ಕ ಕೈಬರಹದಲ್ಲಿ ಬರೆಯುತ್ತಿದ್ದರು. ಡೇಟಾ ಸ್ಟ್ರಕ್ಚರ್ಸ್ ಓದಿದ ನಮಗೆ ಇದು ಪಕ್ಕಾ ಇಂಡೆಕ್ಸ್! ಆಮೇಲೆ ಸಂಪಾದಕರಿಗೆ ಪತ್ರ ಬರೆದು ಈಗ ಯಾವ ಪದದ ಕೆಲಸ ನಡೀತಿದೆ ಅಂತ ಕೇಳೋದು, ಪಟ್ಟಿ ನೋಡಿ ಆ ಪದಕ್ಕೆ ಬೇಕಾದ ವಾಕ್ಯ ಮಾತ್ರ ಕಳಿಸೋದು. ಹೀಗೆ ಸುಮಾರು ಇಪ್ಪತ್ತು ವರ್ಷ. ಹಿಂದಿನ ನಾಲ್ಕು ಶತಮಾನದ ಇಂಗ್ಲಿಷನ್ನು ಮೈನರ್ ಕಳಿಸಿದ ವಾಕ್ಯಗಳಿಂದಲೇ ತೋರಿಸಬಹುದು ಅಂತ ಮರ್ರೆ 1899ರಲ್ಲಿ ಮೆಚ್ಚಿಕೊಂಡರು.

ಕಾಯಿಲೆ ಮಾತ್ರ ವಾಸಿಯಾಗಲಿಲ್ಲ. ರಾತ್ರಿ ನೆಲದಡಿಯಿಂದ ಜನ ಬಂದು ಹಿಂಸೆ ಕೊಡ್ತಾರೆ, ಪುಸ್ತಕ ಹಾಳು ಮಾಡ್ತಾರೆ ಅಂತ ಬೆಳಿಗ್ಗೆ ದೂರು ಕೊಡುತ್ತಿದ್ದರು. ಅದೇ ಮನುಷ್ಯ ಹಗಲು ಕೂತು ಪುಟ ಸಂಖ್ಯೆ ತಪ್ಪದೆ ಬರೆಯುತ್ತಿದ್ದರು. ನಮಗೆ ಆಶ್ಚರ್ಯ ಆಗೋದು ಇಲ್ಲೇ. ಸ್ಕಿಜೋಫ್ರೇನಿಯಾ ಅಂದರೆ ಎರಡು ವ್ಯಕ್ತಿತ್ವ ಅಂತ ಸಿನಿಮಾ ನೋಡಿದವರು ತಿಳಿದಿರುತ್ತಾರೆ, ಅದು ತಪ್ಪು. ಭ್ರಮೆ, ಇಲ್ಲದ ಧ್ವನಿ ಕೇಳೋದರ ಜೊತೆಗೆ ಗಮನ, ನೆನಪು ಕೂಡ ಕುಂದುತ್ತವೆ. ಮೈನರ್ ಕಾಲದಲ್ಲಿ ಇದಕ್ಕೆ ಔಷಧಿಯೇ ಇರಲಿಲ್ಲ, ಮೊದಲನೆಯದು ಬಂದಿದ್ದು 1950ರ ದಶಕದಲ್ಲಿ. ಇವತ್ತಿನ ಮಾತ್ರೆಗಳು ಭ್ರಮೆ ತಗ್ಗಿಸಿದಷ್ಟು ಗಮನವನ್ನು ಸರಿಮಾಡಲ್ಲ. ಅದಕ್ಕೇ ಡಾಕ್ಟರುಗಳು ಔಷಧಿ ಮುಂದುವರಿಸುತ್ತಲೇ ಕಾಗ್ನಿಟಿವ್ ರಿಮೀಡಿಯೇಷನ್ ಅನ್ನೋ ತರಬೇತಿಯನ್ನೂ ಕೊಡಿಸುತ್ತಾರೆ. ಗಮನದ ಸಣ್ಣ ಅಭ್ಯಾಸಗಳನ್ನು ಪದೇ ಪದೇ ಮಾಡಿಸೋದು, ಕೆಲಸವನ್ನು ತುಂಡು ತುಂಡು ಮಾಡೋದು, ತಲೆಯಲ್ಲಿ ಇಟ್ಟುಕೊಳ್ಳೋ ಬದಲು ಬರೆದಿಟ್ಟುಕೊಳ್ಳೋದು. ಮೈನರ್ ಬುಕ್‌ಲೆಟ್‌ನಲ್ಲಿ ಇದರಲ್ಲಿ ಎಷ್ಟೋ ಇತ್ತು, ಜೊತೆಗೆ ಆಕ್ಸ್‌ಫರ್ಡ್‌ನಲ್ಲಿ ಆ ಚೀಟಿಗೆ ಕಾಯುವವರೂ ಇದ್ದರು.

1891ರಲ್ಲಿ ಮರ್ರೆ ಮೊದಲ ಸಲ ಬ್ರಾಡ್‌ಮೂರ್‌ಗೆ ಬಂದು ಭೇಟಿಯಾದರು, ಆಮೇಲೂ ಬರುತ್ತಿದ್ದರು. 1900ರ ನಂತರ ಕಾಯಿಲೆ ಜೋರಾಯಿತು, ಕೆಲಸ ನಿಂತುಹೋಯಿತು. 1910ರಲ್ಲಿ ಹೋಂ ಸೆಕ್ರೆಟರಿ ವಿನ್‌ಸ್ಟನ್ ಚರ್ಚಿಲ್ ಆದೇಶದ ಮೇಲೆ ಅಮೆರಿಕಕ್ಕೆ, ಹಿಂದೆ ಇದ್ದ ಅದೇ ವಾಷಿಂಗ್ಟನ್ ಆಸ್ಪತ್ರೆಗೆ ಕಳಿಸಿದರು. ಅಲ್ಲಿ ಕಾಯಿಲೆಗೆ ಡಿಮೆನ್ಷಿಯಾ ಪ್ರೀಕಾಕ್ಸ್ ಅಂತ ಹೆಸರಿಟ್ಟರು, ಸ್ಕಿಜೋಫ್ರೇನಿಯಾದ ಹಳೇ ಹೆಸರು ಅದು. ಮೈನರ್ ತೀರಿಕೊಂಡಿದ್ದು 1920ರಲ್ಲಿ. ಡಿಕ್ಷನರಿ ಪೂರ್ತಿಯಾಗಲು ಇನ್ನೂ ಎಂಟು ವರ್ಷ ಬೇಕಾಯಿತು.