ನೌಕಾಶಿಲ್ಪಿ ವಿಲಿಯಂ ಫ್ರೂಡ್

ನಮ್ಮ ಓದುಗರಲ್ಲಿ ಅನೇಕರ ಹಿರಿಯರು ಮಂಗಳೂರು ಕಡೆಯಿಂದ ಹಡಗನ್ನೇರಿ ಮುಂಬಯಿಗೆ ಬಂದವರು. ಹಡಗಿನ ಹೊಯ್ದಾಟದ ಸಂಕಟವನ್ನು ಅವರ ಬಾಯಿಂದಲೇ ಕೇಳಿದ್ದೇವೆ. ಆ ಹೊಯ್ದಾಟದ ಗಣಿತವನ್ನು ಮೊದಲು ಬಿಡಿಸಿ ತೋರಿದ ಮಹನೀಯನೇ ವಿಲಿಯಂ ಫ್ರೂಡ್.

1810ರಲ್ಲಿ ಇಂಗ್ಲೆಂಡಿನ ಡೆವನ್ ಪ್ರಾಂತದಲ್ಲಿ ಈತನ ಜನನ. ಆಕ್ಸ್‌ಫರ್ಡಿನಲ್ಲಿ ಗಣಿತವನ್ನು ವ್ಯಾಸಂಗ ಮಾಡಿ, ಇಂಜಿನಿಯರ್ ಬ್ರೂನೆಲನ ಕೈಕೆಳಗೆ ರೈಲುಮಾರ್ಗದ ಕೆಲಸಕ್ಕೆ ಸೇರಿದನು. ಗ್ರೇಟ್ ಈಸ್ಟರ್ನ್ ಎಂಬ ಮಹಾನೌಕೆಯು ಕಡಲಲ್ಲಿ ಹೇಗೆ ಹೊರಳೀತೆಂದು ಪರಿಶೀಲಿಸುವ ಭಾರವನ್ನು ಬ್ರೂನೆಲನೇ ಇವನಿಗೆ ಒಪ್ಪಿಸಿದನು. ಅದರ ಫಲವಾದ ಪ್ರಬಂಧವು 1861ರಲ್ಲಿ ನೌಕಾಶಿಲ್ಪಿಗಳ ಸಭೆಯ ಮುಂದೆ ಬಂದಿತು. ಹಡಗಿನ ಹೊರಳಾಟವನ್ನು ತಗ್ಗಿಸಲು ತಳದ ಎರಡು ಪಕ್ಕಗಳಲ್ಲಿಯೂ ಉದ್ದನೆಯ ಪಟ್ಟಿಗಳನ್ನು ಕೂಡಿಸಬೇಕೆಂಬುದು ಅವನ ವಾದ.

ಆದರೆ ಅವನ ಕೀರ್ತಿಗೆ ಮುಖ್ಯ ಕಾರಣ ಬೇರೆ. ಹಡಗನ್ನು ಕಟ್ಟುವ ಮುನ್ನವೇ ಅದರ ವೇಗಕ್ಕೆ ಎಷ್ಟು ಶಕ್ತಿ ಬೇಕೆಂದು ತಿಳಿಯುವುದೆಂತು? ಪುಟ್ಟ ಮಾದರಿಗಳಿಂದ ತಿಳಿಯದೆಂಬುದೇ ಬಲ್ಲವರ ಮತವಾಗಿತ್ತು. ನಾಲ್ವರ ಸಾರಿನ ಅಳತೆಯನ್ನು ನೂರರಿಂದ ಗುಣಿಸಿ ನಾನೂರು ಮಂದಿಗೆ ಬಡಿಸಹೊರಟರೆ ಉಪ್ಪು ಖಾರ ಕೆಡುವುದನ್ನು ನಮ್ಮ ಅಡಿಗೆಭಟ್ಟರು ಬಲ್ಲರಷ್ಟೆ, ಇದೂ ಅಂತೆಯೇ. ಫ್ರೂಡ್ 1867ರಲ್ಲಿ ಚೂಪು ಮೂತಿಯ 'ರೇವನ್', ದುಂಡು ಮೂತಿಯ 'ಸ್ವಾನ್' ಎಂಬ ಮಾದರಿಗಳನ್ನು 3, 6, 12 ಅಡಿಗಳ ಅಳತೆಯಲ್ಲಿ ಮಾಡಿಸಿ ನೀರಿನಲ್ಲಿ ಎಳೆಸಿ ನೋಡಿದನು. ಚೂಪಾದುದೇ ಸದಾ ಮೇಲೆಂಬ ನಂಬಿಕೆ ಸುಳ್ಳಾಯಿತು: ವೇಗ ಹೆಚ್ಚಿದಾಗ ದುಂಡನೆಯದೇ ಗೆದ್ದಿತು! ಉದ್ದದ ವರ್ಗಮೂಲಕ್ಕೆ ತಕ್ಕಂತೆ ವೇಗವನ್ನಿಟ್ಟರೆ ಹಿರಿದು ಕಿರಿದುಗಳೆರಡೂ ಒಂದೇ ಬಗೆಯ ಅಲೆಗಳನ್ನು ಎಬ್ಬಿಸುತ್ತವೆಂದು ಅವನು ಕಂಡುಕೊಂಡನು. ಅರ್ಥಾತ್ ಹಡಗು ಮಾದರಿಯ 16 ಪಾಲು ಉದ್ದವಿದ್ದರೆ ವೇಗವು 4 ಪಾಲು. ನೀರಿನ ಉಜ್ಜಾಟ ಈ ನಿಯಮಕ್ಕೆ ಒಳಪಡದು. ಅದಕ್ಕಾಗಿ ಹಲಗೆಗಳನ್ನು ಎಳೆಸಿ ಬೇರೆ ಲೆಕ್ಕ ಹಾಕಿದನು.

ಬ್ರಿಟಿಷ್ ನೌಕಾಇಲಾಖೆಯು 2000 ಪೌಂಡು ಮಂಜೂರು ಮಾಡಿತು. ಟಾರ್ಕೀ ಪಟ್ಟಣದ ತನ್ನ ಮನೆಯ ಬಳಿ 278 ಅಡಿ ಉದ್ದದ ನೀರಿನ ತೊಟ್ಟಿಯನ್ನು ಕಟ್ಟಿಸಿ, 1872ರಿಂದ ಮೇಣದ ಮಾದರಿಗಳನ್ನು ಓಡಿಸಿದನು. ತನಗೆ ಸಂಬಳವನ್ನು ಮಾತ್ರ ಪಡೆಯಲಿಲ್ಲ. ಸಂಶಯವುಳ್ಳವರಿಗೆ ಉತ್ತರವೋ ಎಂಬಂತೆ 'ಗ್ರೇಹೌಂಡ್' ಎಂಬ ನಿಜವಾದ ಯುದ್ಧನೌಕೆಯನ್ನೇ ಇನ್ನೊಂದು ಹಡಗಿನಿಂದ ಎಳೆಸಿ ಅಳೆದುದಾಯಿತು. ಮಾದರಿಯ ಲೆಕ್ಕವು ಅದಕ್ಕೆ ಚೆನ್ನಾಗಿ ತಾಳೆಬಿದ್ದಿತು.

1878ರಲ್ಲಿ ಪತ್ನಿಯು ತೀರಿಕೊಂಡಳು. ದುಃಖಶಮನಕ್ಕೆಂದು ನೌಕಾದಳದ ಅತಿಥಿಯಾಗಿ ದಕ್ಷಿಣ ಆಫ್ರಿಕಕ್ಕೆ ತೆರಳಿದ ಫ್ರೂಡ್, ಅಲ್ಲಿ ಆಮಶಂಕೆಗೆ ತುತ್ತಾಗಿ 1879ರ ಮೇ 4ರಂದು ಸೈಮನ್ಸ್‌ಟೌನಿನಲ್ಲಿ ಮೃತನಾದನು. ನೌಕಾಗೌರವದೊಡನೆ ಅಲ್ಲಿಯೇ ಸಮಾಧಿಯಾಯಿತು. ತೊಟ್ಟಿಯ ಕೆಲಸವನ್ನು ಮಗ ರಾಬರ್ಟನು ಮುಂದುವರಿಸಿದನು.