ತೋಟಿಗ ಜೋಸೆಫ್ ಮೋನಿಯೆ ಮತ್ತು ನಮ್ಮ ಮನೆಯ ಮಾಳಿಗೆ

ರಾಯಬಾಗದ ಓಣಿಗಳಲ್ಲಿ ನಡೆದು ಹೋಗುವಾಗ ಮಣ್ಣಿನ ಮಾಳಿಗೆಗಳೂ ಹಂಚಿನ ಮನೆಗಳೂ ಒಂದೊಂದಾಗಿ ಹಿಂದೆ ಸರಿದು, ಅವುಗಳ ಜಾಗದಲ್ಲಿ ಸಿಮೆಂಟಿನ ಸ್ಲ್ಯಾಬುಗಳು ಏಳುತ್ತಿರುವುದು ಯಾರ ಕಣ್ಣಿಗಾದರೂ ಬೀಳುವ ಸಂಗತಿ. ಆ ಸ್ಲ್ಯಾಬಿನ ಹೊಟ್ಟೆಯಲ್ಲಿ ಕಬ್ಬಿಣದ ಸಳಿಗಳಿವೆ ಎಂಬುದು ಚಿಕ್ಕ ಹುಡುಗರಿಗೂ ಗೊತ್ತು. ಆದರೆ ಸಿಮೆಂಟಿನೊಳಗೆ ಕಬ್ಬಿಣವನ್ನು ಹುದುಗಿಸುವ ಈ ವಿದ್ಯೆಯನ್ನು ಲೋಕದ ಪೇಟೆಗೆ ತಂದವನು ಎಂಜಿನಿಯರನಲ್ಲ, ಒಬ್ಬ ತೋಟಿಗ ಎಂಬುದನ್ನು ಓದಿದಾಗ ನನಗೆ ಆದ ಆಶ್ಚರ್ಯ ಅಷ್ಟಿಷ್ಟಲ್ಲ. ಕಲಾ ವಿಭಾಗದವರಾದ ನಮಗೆ ಇದರ ಗೊಡವೆ ಏಕೆಂದು ಮಿತ್ರರು ಕೇಳಬಹುದು. ಆ ಮಾಳಿಗೆಯ ಕೆಳಗೆ ಮಲಗುವವರು ನಾವೂ ಅಲ್ಲವೆ?

ಜೋಸೆಫ್ ಮೋನಿಯೆ ಹುಟ್ಟಿದ್ದು ೧೮೨೩ರ ನವೆಂಬರ್ ೮ರಂದು, ದಕ್ಷಿಣ ಫ್ರಾನ್ಸಿನ ಸೇಂಟ್ ಕ್ವಾಂಟಿನ್ ಎಂಬ ಹಳ್ಳಿಯಲ್ಲಿ. ಅದು ಕುಂಬಾರಿಕೆಗೆ ಹೆಸರಾದ ಊರು. ಮನೆತನಕ್ಕೆ ಆಸರೆಯಾಗಿದ್ದುದು ಆ ಸೀಮೆಯ ಡ್ಯೂಕನ ತೋಟದ ಚಾಕರಿ. ಮನೆ ತುಂಬ ಮಕ್ಕಳು. ಜೋಸೆಫನು ಶಾಲೆಯ ಮೆಟ್ಟಿಲು ಹತ್ತುವ ಬದಲು ತೋಟದ ಕೆಲಸಕ್ಕೆ ನಿಂತನು. ಹುಡುಗನ ಕೈಚಳಕವನ್ನು ಮೆಚ್ಚಿದ ಡ್ಯೂಕನು ಆತನನ್ನು ಪ್ಯಾರಿಸಿನ ತನ್ನ ಬಂಗಲೆಗೆ ಕರೆಸಿಕೊಂಡನು. ಓದುಬರಹವನ್ನು ಆತನು ಕಲಿತದ್ದು ಅಲ್ಲಿಗೆ ಹೋದ ಮೇಲೆಯೇ. ಮುಂದೆ ಪ್ಯಾರಿಸಿನ ಅರಮನೆಯ ತೋಟದಲ್ಲಿ ಕೆಲಸ ಸಿಕ್ಕಿತು.

ಅಲ್ಲಿ ಆತನಿಗೆ ಎದುರಾದ ತೊಂದರೆ ಬಹಳ ಸಣ್ಣದು. ಅರಮನೆಯ ಕಿತ್ತಳೆ ಗಿಡಗಳನ್ನು ಚಳಿಗಾಲದಲ್ಲಿ ಗಾಜಿನ ಮನೆಯೊಳಗೆ ಇಡಬೇಕು, ಬೇಸಿಗೆಯಲ್ಲಿ ಹೊರಗೆ ತರಬೇಕು. ಕಟ್ಟಿಗೆಯ ತೊಟ್ಟಿ ನೀರಿನಿಂದ ಕೊಳೆಯುತ್ತದೆ. ಮಣ್ಣಿನ ಕುಂಡ ಎತ್ತಿ ಇಡುವಾಗ ಒಡೆಯುತ್ತದೆ. ಬರೀ ಸಿಮೆಂಟಿನಿಂದ ಮಾಡಿದ ತೊಟ್ಟಿಯೂ ಬಿರುಕು ಬಿಡುತ್ತದೆ. ಮೋನಿಯೆ ಕಬ್ಬಿಣದ ಸಳಿಗಳನ್ನು ಬಲೆಯಂತೆ ಕಟ್ಟಿ, ಅದರ ಎರಡೂ ಮಗ್ಗುಲಿಗೆ ಸಿಮೆಂಟಿನ ಗಾರೆಯನ್ನು ಮೆತ್ತಿ ನೋಡಿದನು. ತೊಟ್ಟಿ ತೆಳ್ಳಗಾಯಿತು, ಗಟ್ಟಿಯೂ ಆಯಿತು. ವರ್ಷಗಟ್ಟಲೆ ಇದನ್ನೇ ತಿದ್ದುತ್ತ ಕುಳಿತ ಆತನು ೧೮೬೭ರ ಜುಲೈ ೧೬ರಂದು ಇದಕ್ಕೆ ಪೇಟೆಂಟು ಪಡೆದನು. ಇದೇ ದೇಶದಲ್ಲಿ ಲಾಂಬೊ ಎಂಬವನು ಇದೇ ಬಗೆಯಲ್ಲಿ ಒಂದು ದೋಣಿ ಮಾಡಿ ೧೮೫೫ರ ಪ್ಯಾರಿಸ್ ಪ್ರದರ್ಶನದಲ್ಲಿ ಇಟ್ಟಿದ್ದನೆಂಬುದನ್ನೂ ಇಲ್ಲಿ ಹೇಳಬೇಕು. ಮೊದಲಿಗನು ಯಾರೆಂಬ ಜಗಳ ಪಂಡಿತರಿಗಿರಲಿ. ಕುಂಡದಲ್ಲೇ ನಿಲ್ಲದೆ ಮುಂದೆ ನಡೆದವನು ಮೋನಿಯೆ. ಕೊಳವೆ, ನೀರಿನ ತೊಟ್ಟಿ, ಗೋಡೆಯ ಹಲಗೆ, ೧೮೭೩ರಲ್ಲಿ ಸೇತುವೆ, ೧೮೭೮ರಲ್ಲಿ ತೊಲೆ ಎಂದು ಆತನ ಪೇಟೆಂಟುಗಳು ಬೆಳೆಯುತ್ತ ಹೋದವು. ೧೮೭೫ರಲ್ಲಿ ಶಾಜಲೆ ಎಂಬಲ್ಲಿ ಒಬ್ಬ ಸಾಹುಕಾರನ ಕೋಟೆಮನೆಯ ಕಂದಕಕ್ಕೆ ಸುಮಾರು ೧೪ ಮೀಟರು ಉದ್ದದ ಸೇತುವೆಯನ್ನು ಕಟ್ಟಿದನು. ಅದರ ಕಟಾಂಜನವನ್ನು ಮರದ ಕೊಂಬೆಗಳೋ ಎಂಬಂತೆ ಸಿಮೆಂಟಿನಲ್ಲೇ ರೂಪಿಸಿದನು. ತೋಟಿಗನ ಮನಸ್ಸು ಎಲ್ಲಿ ಹೋದರೂ ತೋಟವನ್ನು ಬಿಡಲಿಲ್ಲ!

ಇಷ್ಟೆಲ್ಲ ಮಾಡಿದವನಿಗೆ ತಾನು ಹುದುಗಿಸಿದ ಕಬ್ಬಿಣವು ಒಳಗೆ ಏನು ಮಾಡುತ್ತದೆ ಎಂಬುದು ಪೂರ್ತಿ ತಿಳಿದಿರಲಿಲ್ಲ. ಆಕಾರವನ್ನು ಹಿಡಿದು ನಿಲ್ಲಿಸುವ ಎಲುಬಿನ ಹಾಗೆ ಅದು ನಡುವೆ ಇದ್ದರೆ ಸಾಕೆಂದು ಆತನು ಬಗೆದಿದ್ದಂತೆ ಕಾಣುತ್ತದೆ. ಹೊಲದ ಕಾಲುವೆಗೆ ಅಡ್ಡ ಹಾಕಿದ ಹಲಗೆಯ ಮೇಲೆ ನಾವು ನಿಂತರೆ ಅದು ನಡುವೆ ಜಗ್ಗುತ್ತದೆ. ಆಗ ಹಲಗೆಯ ಮೇಲ್ಮೈ ಒತ್ತಿಕೊಳ್ಳುತ್ತದೆ, ಕೆಳಮೈ ಹಿಗ್ಗುತ್ತದೆ. ಕಾಂಕ್ರೀಟು ಒತ್ತಡವನ್ನು ಚೆನ್ನಾಗಿ ತಾಳಬಲ್ಲದು. ಎಳೆತಕ್ಕೆ ಅದರ ಹತ್ತನೆಯ ಒಂದು ಪಾಲಿನಷ್ಟೂ ಸರಿಯಾಗಿ ನಿಲ್ಲಲಾರದು. ಆದ್ದರಿಂದ ಕಬ್ಬಿಣವಿರಬೇಕಾದುದು ನಡುವೆ ಅಲ್ಲ, ಎಳೆತ ಬೀಳುವ ಕೆಳಮಗ್ಗುಲಲ್ಲಿ. ಬಿಸಿಲಿಗೆ ಎರಡೂ ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿ ಹಿಗ್ಗುವುದರಿಂದ ಒಂದನ್ನೊಂದು ಬಿಟ್ಟು ಸರಿಯುವುದಿಲ್ಲ. ಸಿಮೆಂಟಿನ ಕ್ಷಾರಗುಣವು ಕಬ್ಬಿಣವನ್ನು ತುಕ್ಕಿನಿಂದ ಕಾಯುತ್ತದೆ. ನಿಸರ್ಗದಲ್ಲಿ ಇಂಥ ದಾಂಪತ್ಯಗಳು ಅಪರೂಪ.

ಈ ಲೆಕ್ಕವನ್ನು ಬಿಡಿಸಿದವರು ಜರ್ಮನರು. ೧೮೮೫ರ ಸುಮಾರಿಗೆ ವೈಸ್ ಎಂಬ ಎಂಜಿನಿಯರನು ಮೋನಿಯೆಯ ಹಕ್ಕುಗಳನ್ನು ಕೊಂಡನು. ಬರ್ಲಿನ್ನಿನ ಕೋನೆನ್ ಎಂಬ ಸರಕಾರಿ ಎಂಜಿನಿಯರನು ಕಬ್ಬಿಣವನ್ನು ಎಲ್ಲಿ, ಎಷ್ಟು ಇಡಬೇಕೆಂಬ ಗಣಿತವನ್ನು ೧೮೮೬ರಲ್ಲಿ ಪ್ರಕಟಿಸಿದನು. ಬರ್ಲಿನ್ನಿಗೆ ಹೋದ ಮೋನಿಯೆ, ಸಳಿಗಳನ್ನು ಕೆಳಗೆ ಇಡುವುದನ್ನು ಕಂಡು ಸಿಟ್ಟಾದನೆಂದು ಒಂದು ಕಥೆ ಹೇಳುತ್ತಾರೆ. ನಿಜವೋ ಕಟ್ಟುಕಥೆಯೋ, ಅದರಲ್ಲಿ ನನಗೆ ನಗು ಬರುವುದಿಲ್ಲ. ತನ್ನ ಕೈಯ ಕೂಸು ತನಗೆ ತಿಳಿಯದ ಭಾಷೆಯಲ್ಲಿ ಮಾತಾಡತೊಡಗಿದರೆ ತಂದೆಗೆ ಏನನ್ನಿಸೀತು? ಜರ್ಮನಿಯಲ್ಲಿ ಆ ಸಳಿಗಳಿಗೆ ಮೋನಿಯೆ ಕಬ್ಬಿಣವೆಂದೇ ಹೆಸರು ನಿಂತಿತು. ಪ್ಯಾರಿಸಿನಲ್ಲಿ ಮಾತ್ರ ೧೮೮೮ರಲ್ಲಿ ಆತನು ದಿವಾಳಿಯಾದನು. ಕೊನೆಯ ವರ್ಷಗಳನ್ನು ಬಡತನದಲ್ಲಿ ಕಳೆದು, ೧೯೦೬ರ ಮಾರ್ಚ್ ೧೩ರಂದು ತೀರಿಕೊಂಡನು.

ಅಷ್ಟರಲ್ಲಿ ಕಾಂಕ್ರೀಟು ಯುರೋಪಿನ ತುಂಬ ಹರಡಿತ್ತು. ಎಲ್ಲರೂ ಬಲ್ಲಂತೆ ಕಟ್ಟುತ್ತಿದ್ದರು. ೧೯೦೧ರಲ್ಲಿ ಸ್ವಿಟ್ಜರ್‌ಲೆಂಡಿನ ಬಾಸೆಲ್ ಪಟ್ಟಣದಲ್ಲಿ ಇನ್ನೂ ಕಟ್ಟುತ್ತಿದ್ದ ಒಂದು ಹೋಟೆಲು ಕುಸಿದು ಕೂಲಿಗಳು ಸತ್ತರು. ತನಿಖೆಯಾಯಿತು, ವಾದವಾಯಿತು, ೧೯೦೩ರಲ್ಲಿ ಆ ದೇಶದಲ್ಲಿ ತಾತ್ಕಾಲಿಕ ನಿಯಮಗಳು ಬಂದವು. ೧೯೦೪ರಲ್ಲಿ ಪ್ರಷ್ಯಾ ಸರಕಾರ ತನ್ನ ನಿಯಮಗಳನ್ನು ಹೊರಡಿಸಿತು. ಫ್ರಾನ್ಸಿನ ಸರಕಾರ ಸುತ್ತೋಲೆ ಹೊರಡಿಸಿದ್ದು ೧೯೦೬ರ ಅಕ್ಟೋಬರ್ ೨೦ರಂದು, ಮೋನಿಯೆ ಸತ್ತು ಏಳು ತಿಂಗಳಾದ ಮೇಲೆ.

ನಮ್ಮ ದೇಶದ ಮಾತಿಗೆ ಬರೋಣ. ಕನ್ನಂಬಾಡಿಯ ಅಣೆಕಟ್ಟನ್ನು ಕಟ್ಟಿದ್ದು ಸುರ್ಕಿ ಗಾರೆಯಿಂದ ಎಂಬುದು ಎಲ್ಲರಿಗೂ ತಿಳಿದ ವಿಷಯ; ಸಿಮೆಂಟು ಆಗ ದುಬಾರಿ ಸರಕು. ೧೯೪೭ರಲ್ಲಿ ಭಾರತೀಯ ಮಾನಕ ಸಂಸ್ಥೆ ಹುಟ್ಟಿತು. ಕಾಂಕ್ರೀಟು ಕಟ್ಟಡಗಳ ನಿಯಮಸಂಹಿತೆ, ಅಂದರೆ ಐ.ಎಸ್. ೪೫೬, ಮೊದಲು ಬಂದದ್ದು ೧೯೫೩ರಲ್ಲಿ. ೧೯೫೭, ೧೯೬೪, ೧೯೭೮, ೨೦೦೦ ಹೀಗೆ ನಾಲ್ಕು ಸಲ ಅದನ್ನು ಪರಿಷ್ಕರಿಸಿದರು. ಇದೇನು ವಿದ್ವಾಂಸರ ಕಾಲಕ್ಷೇಪವೆಂದು ತಿಳಿಯಬಾರದು. ೧೯೭೮ರಲ್ಲಿ ಲೆಕ್ಕದ ಬಗೆಯೇ ಬದಲಾಯಿತು: ಕಟ್ಟಡ ಮುರಿಯುವ ಹಂತ ಯಾವುದು, ಮುರಿಯದಿದ್ದರೂ ಬಿರುಕು ಜಗ್ಗುಗಳಿಂದ ಉಪಯೋಗಕ್ಕೆ ಬಾರದಾಗುವ ಹಂತ ಯಾವುದು ಎಂದು ಎರಡನ್ನೂ ಬೇರೆಬೇರೆ ಕೇಳುವ ಕ್ರಮ ಬಂದಿತು. ೨೦೦೦ದಲ್ಲಿ ಬಾಳಿಕೆಯ ಪ್ರಶ್ನೆ ಮುಂದೆ ಬಂದಿತು. ಹಿಂದೆ ಸಳಿ ಹಾಕಿದ ಕೆಲಸಕ್ಕೆ ಎಂ-೧೫ ದರ್ಜೆಯ ಕಾಂಕ್ರೀಟು ಸಾಕಾಗಿತ್ತು, ಅಂದರೆ ೨೮ ದಿನದ ಗಟ್ಟಿ ಒಂದು ಚದರ ಮಿಲಿಮೀಟರಿಗೆ ೧೫ ನ್ಯೂಟನ್ ತಾಳಬೇಕು. ಈಗ ಎಂ-೨೦ಕ್ಕಿಂತ ಕಡಿಮೆ ಕೂಡದೆಂದು ಕಟ್ಟಳೆಯಾಯಿತು. ಸ್ಲ್ಯಾಬಿನಲ್ಲಿ ಸಳಿಯ ಕೆಳಗೆ ೧೫ ಮಿಲಿಮೀಟರು ಕಾಂಕ್ರೀಟಿನ ಹೊದಿಕೆ ಸಾಕೆಂದಿದ್ದುದು, ಸಾಧಾರಣ ಹವೆಯಲ್ಲೂ ೨೦ಕ್ಕೆ ಏರಿತು. ತೇವದ ಜಾಗದಲ್ಲಿ ಇನ್ನೂ ಹೆಚ್ಚು. ಹಳೆಯ ಮನೆಗಳ ಸ್ಲ್ಯಾಬಿನಿಂದ ಗಿಲಾವ ಉದುರಿ ತುಕ್ಕು ಹಿಡಿದ ಸಳಿಗಳು ಹಲ್ಲು ಕಿರಿಯುವುದನ್ನು ನೋಡಿದವರಿಗೆ ಆ ಕೆಲವು ಮಿಲಿಮೀಟರಿನ ಬೆಲೆ ತಿಳಿಯುತ್ತದೆ.

ಭೂಕಂಪದ ನಿಯಮಗಳ ಕಥೆಯೂ ಇಂಥದೇ. ಆ ಸಂಹಿತೆ ೧೯೬೨ರಲ್ಲಿ ಬಂದಾಗ ದಖ್ಖಣದ ಈ ನೆಲ ಬಹುಮಟ್ಟಿಗೆ ಅಲುಗದ ನೆಲವೆಂದು ಎಣಿಕೆಯಾಗಿತ್ತು. ೧೯೬೭ರ ಡಿಸೆಂಬರ್ ೧೧ರ ನಸುಕಿನಲ್ಲಿ ಕೊಯ್ನಾ ನಡುಗಿತು; ರಾಯಬಾಗದಿಂದ ಅದು ಸುಮಾರು ೧೫೦ ಕಿಲೋಮೀಟರು ದೂರ. ೧೯೭೦ರಲ್ಲಿ ನಕ್ಷೆಯನ್ನು ತಿದ್ದಿದರು. ೧೯೯೩ರಲ್ಲಿ ಲಾತೂರಿನ ಸೀಮೆ ನೆಲಸಮವಾಯಿತು. ಆ ಸೀಮೆಯೂ ನಕ್ಷೆಯಲ್ಲಿ ತೀರ ಕಡಿಮೆ ಭಯದ ಒಂದನೆಯ ವಲಯದಲ್ಲಿತ್ತು. ೨೦೦೨ರ ಪರಿಷ್ಕರಣದಲ್ಲಿ ಆ ಒಂದನೆಯ ವಲಯವನ್ನೇ ಅಳಿಸಿಬಿಟ್ಟರು. ಬೆಳಗಾವಿ ಪಟ್ಟಣವನ್ನು ಆ ಪಟ್ಟಿಯಲ್ಲಿ ಮೂರನೆಯ ವಲಯಕ್ಕೆ ಸೇರಿಸಲಾಗಿತ್ತು.

ಇಷ್ಟೆಲ್ಲ ತಿದ್ದುಪಡಿಗಳು ನಮ್ಮ ಗೌಂಡಿಯ ಕಿವಿಗೆ ಬಿದ್ದಿವೆಯೆ? ಸಂಹಿತೆಯಿರುವುದು ಇಂಗ್ಲಿಷಿನಲ್ಲಿ, ನಮ್ಮ ಕಡೆಯ ಸಣ್ಣ ಮನೆಗಳನ್ನು ಕಟ್ಟುವವರು ಕನ್ನಡ ಮರಾಠಿಗಳ ಗೌಂಡಿಗಳು. ನಮ್ಮ ಓಣಿಯಲ್ಲಿ ಒಮ್ಮೆ ಕಿಟಕಿಯ ಮೇಲಿನ ಛಜ್ಜಾಕ್ಕೆ ಸಳಿ ಕಟ್ಟುವುದನ್ನು ನಿಂತು ನೋಡಿದೆನು. ಸ್ಲ್ಯಾಬಿನಲ್ಲಿ ಇಟ್ಟಂತೆಯೇ ಸಳಿಗಳೆಲ್ಲ ಕೆಳಗೆ! ಛಜ್ಜಾ ಗೋಡೆಯಿಂದ ಹೊರಕ್ಕೆ ಚಾಚಿದ ಕೈ. ಅದು ತುದಿಯಲ್ಲಿ ಬಾಗುವಾಗ ಹಿಗ್ಗುವುದು ಮೇಲ್ಮೈ. ಅಲ್ಲಿ ಸಳಿ ಮೇಲೆಯೇ ಇರಬೇಕು. ನಾನು ಸಂಕೋಚದಿಂದ ಹೇಳಿದಾಗ ಆ ಹಿರಿಯರು ಕೋಪಿಸಿಕೊಳ್ಳಲಿಲ್ಲ. ಒಂದು ಪಟ್ಟಿಯನ್ನು ಗೋಡೆಯ ಅಂಚಿನಿಂದ ಹೊರಕ್ಕೆ ಚಾಚಿ, ತುದಿಯನ್ನು ಬೆರಳಿನಿಂದ ಒತ್ತಿ ತೋರಿಸಿದೆನು. ನೋಡಿದವರೇ ಸಳಿಗಳನ್ನು ಬಿಚ್ಚಿಸಿ ಮೇಲೆ ಕಟ್ಟಿಸಿದರು. ಮೋನಿಯೆಗಿದ್ದ ಕೈಯೇ ಅವರಿಗೂ ಇದೆ. ಕೋನೆನ್ನನ ಲೆಕ್ಕ ಅವರ ಮಾತಿನಲ್ಲಿ ಅವರ ಹತ್ತಿರಕ್ಕೆ ಬಂದಿಲ್ಲ, ಅಷ್ಟೆ. ಲೋಕೋಪಯೋಗಿ ಇಲಾಖೆಯಾಗಲಿ ಪುರಸಭೆಯಾಗಲಿ ಆ ಸಂಹಿತೆಯ ಹತ್ತು ಪುಟಗಳ ಸಾರವನ್ನು ಚಿತ್ರಸಹಿತವಾಗಿ ಕನ್ನಡದಲ್ಲಿ ಅಚ್ಚು ಹಾಕಿಸಿ, ಮನೆ ಕಟ್ಟುವ ಪರವಾನಿಗೆಯ ಜೊತೆಗೆ ಕೈಗಿತ್ತರೆ ಎಷ್ಟು ಖರ್ಚಾದೀತು?

ಅದು ಬರುವ ತನಕ, ಮನೆ ಕಟ್ಟಿಸುತ್ತಿರುವವರ ಮಕ್ಕಳಾದ ನಾವೇ ಕೆಲವನ್ನು ನೋಡಿಕೊಳ್ಳಬಹುದು. ಸಳಿಯ ಕೆಳಗೆ ಹೊದಿಕೆಯ ಬಿಲ್ಲೆಗಳನ್ನು ಇಟ್ಟಿದ್ದಾರೆಯೆ? ಕಂಬದ ತಲೆ ಬುಡಗಳಲ್ಲಿ ರಿಂಗುಗಳು ಒತ್ತೊತ್ತಾಗಿದ್ದು, ಅವುಗಳ ಕೊಕ್ಕೆಗಳು ೧೩೫ ಡಿಗ್ರಿ ಒಳಕ್ಕೆ ಬಾಗಿವೆಯೆ? ಮಾಲು ಸಲೀಸಾಗಿ ಹರಿಯಲೆಂದು ಬೇಕಾಬಿಟ್ಟಿ ನೀರು ಸುರಿಯುತ್ತಿದ್ದಾರೆಯೆ? ಹಾಗೆ ಸುರಿದ ನೀರು ಆರಿಹೋದ ಜಾಗವೆಲ್ಲ ಸಣ್ಣ ತೂತುಗಳಾಗಿ, ಕಾಂಕ್ರೀಟು ಬಲ ಕಳೆದುಕೊಳ್ಳುತ್ತದೆ. ಇನ್ನು ಸ್ಲ್ಯಾಬು ಹಾಕಿದ ಮೇಲೆ ನೀರುಣಿಸುವ ಕೆಲಸ. ೨೦೦೦ದ ಸಂಹಿತೆಯ ಪ್ರಕಾರ ಸಾಮಾನ್ಯ ಸಿಮೆಂಟಿಗೆ ಕನಿಷ್ಠ ಏಳು ದಿನ. ನಮ್ಮ ಬೇಸಿಗೆಯಂಥ ಒಣ ಬಿಸಿಲಿನಲ್ಲಿ ಹತ್ತು ದಿನ. ಹಾರುಬೂದಿ ಬೆರೆತ ಸಿಮೆಂಟಾದರೆ ಹದಿನಾಲ್ಕು ದಿನಗಳವರೆಗೂ ಸ್ಲ್ಯಾಬಿನ ಮೇಲೆ ಮಡಿ ಕಟ್ಟಿ ನೀರು ನಿಲ್ಲಿಸಬೇಕು.