ಇಂದಿನ ಚಿಂತನೆ: 750ಕ್ಕೆ 282



1907ರಲ್ಲಿ ಬಾಬಾಸಾಹೇಬರು ಬಾಂಬೆಯ ಎಲ್ಫಿನ್‌ಸ್ಟನ್ ಹೈಸ್ಕೂಲಿನಿಂದ ಮೆಟ್ರಿಕ್ ಪಾಸಾದರು. ಬಂದ ಅಂಕ 750ಕ್ಕೆ 282. ನೂರಕ್ಕೆ 38 ಕೂಡ ಇಲ್ಲ. ಇವತ್ತು ನಮ್ಮ ಮನೆಯ ಮಗು ಇಷ್ಟು ಅಂಕ ತಂದರೆ ನಾವೇ ಏನನ್ನುತ್ತೇವೆ? ಓದು ಇವನ ತಲೆಗೆ ಹತ್ತುವುದಿಲ್ಲ, ಯಾವುದಾದರೂ ಕೆಲಸಕ್ಕೆ ಹಾಕೋಣ ಅನ್ನುತ್ತೇವೆ. ಆ ಹುಡುಗನ ಜನ ಹಾಗೆ ಅನ್ನಲಿಲ್ಲ. ಸಭೆ ಸೇರಿಸಿ ಸನ್ಮಾನ ಮಾಡಿದರು. ಕೃಷ್ಣಾಜಿ ಅರ್ಜುನ ಕೇಳುಸ್ಕರ್ ಎಂಬ ಶಿಕ್ಷಕರು, ತಾವೇ ಮರಾಠಿಯಲ್ಲಿ ಬರೆದಿದ್ದ ಬುದ್ಧನ ಜೀವನಚರಿತ್ರೆಯನ್ನು ಅವರ ಕೈಗಿಟ್ಟರು.

ಈ ಅಂಕಗಳನ್ನು ಇಂದು ನೆನೆಯಲು ಕಾರಣವಿದೆ. ನಮ್ಮ ಬಳಗದ ತಾಯಿಯೊಬ್ಬರು ಕೇಳಿದ್ದರು. ಮಗಳು ಪಿಯುಸಿ ಮುಗಿಸಿದ್ದಾಳೆ, ಲೆಕ್ಕದಲ್ಲಿ ಚುರುಕು. ಆದರೆ ಅವಳ ಮನಸ್ಸೆಲ್ಲ ಚಿತ್ರ ಬರೆಯುವುದರಲ್ಲಿದೆ. ಅದು ಅವಳಿಗೆ ಹುಟ್ಟಿನಿಂದ ಬಂದ ಕಲೆ ಎಂದು ಯಾರೂ ಹೇಳಿಲ್ಲ. ಹಂಬಲ ಮಾತ್ರ ಇದೆ. ಯಾವುದನ್ನು ನಂಬಬೇಕು, ಪ್ರತಿಭೆಯನ್ನೋ, ಹಂಬಲವನ್ನೋ?

"ಹುಟ್ಟಿನಿಂದ ಬಂದದ್ದು" ಎಂಬ ಮಾತು ಕೇಳಿದರೆ ನನಗೆ ಕಿವಿ ನೆಟ್ಟಗಾಗುತ್ತದೆ. ನಾನು ತಮಟೆ ಬಾರಿಸುವವರ ಮನೆಯಲ್ಲಿ ಹುಟ್ಟಿದವನು. ತಮಟೆ ನಿಮ್ಮ ರಕ್ತದಲ್ಲೇ ಇದೆ ಎಂದು ಊರಿನವರು ಹೊಗಳುವಂತೆ ಹೇಳುತ್ತಿದ್ದರು. ಅಪ್ಪ ಚೆನ್ನಾಗಿ ಬಾರಿಸುತ್ತಿದ್ದರು, ನಿಜ. ಆದರೆ ಸಣ್ಣ ಹುಡುಗನಾಗಿದ್ದಾಗಿನಿಂದ ಬೆಂಕಿಗೆ ಚರ್ಮ ಹಿಡಿದು ಕಾಯಿಸಿ, ರಾತ್ರಿಯೆಲ್ಲ ದೊಡ್ಡವರ ಪಕ್ಕ ನಿಂತು ಕಲಿತದ್ದು ಅದು. ಆ ಕಲಿಕೆಯನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ರಕ್ತದಲ್ಲೇ ಇದೆ ಎಂದ ಮೇಲೆ ಕೂಲಿ ಯಾಕೆ ಕೊಡಬೇಕು? ಜಾತ್ರೆಗೆ, ಸಾವಿನ ಮನೆಗೆ ಕರೆದಾಗ ಬರಬೇಕು, ಅಷ್ಟೆ.

1936ರಲ್ಲಿ ಅಚ್ಚಾದ 'ಜಾತಿ ವಿನಾಶ'ದಲ್ಲಿ ಬಾಬಾಸಾಹೇಬರು ಈ ಗಂಟನ್ನೇ ಬಿಚ್ಚಿಟ್ಟರು. ಜಾತಿ ಎಂಬುದು ಮನುಷ್ಯನ ಕಸುಬನ್ನು ಅವನ ಹೆತ್ತವರ ಸ್ಥಾನ ನೋಡಿ ಮೊದಲೇ ಗೊತ್ತು ಮಾಡುತ್ತದೆ. ಅವನಿಗೆ ಏನು ಬರುತ್ತದೆ ಎಂದೂ ಕೇಳುವುದಿಲ್ಲ, ಏನು ಇಷ್ಟ ಎಂದೂ ಕೇಳುವುದಿಲ್ಲ. ಹಾಗಾಗಿ ಮಾಡುವ ಕೆಲಸದಲ್ಲಿ ಅವನ ಬುದ್ಧಿಯೂ ಇರುವುದಿಲ್ಲ, ಮನಸ್ಸೂ ಇರುವುದಿಲ್ಲ. ಪುಸ್ತಕದಲ್ಲಿ ಓದಿ ಬರೆದ ಮಾತಲ್ಲ ಇದು. ಶಾಲೆಯಲ್ಲಿ ಅವರಿಗೆ ಸಂಸ್ಕೃತ ಕಲಿಯುವ ಆಸೆಯಿತ್ತು. ಅಸ್ಪೃಶ್ಯ ಹುಡುಗನಿಗೆ ಸಂಸ್ಕೃತ ಕಲಿಸಲು ಒಪ್ಪಲಿಲ್ಲ. ಪರ್ಷಿಯನ್ ತೆಗೆದುಕೊಳ್ಳಬೇಕಾಯಿತು. ಆದರೂ ಆಸೆ ಸಾಯಲಿಲ್ಲ. ಮುಂದೆ ಸ್ವಂತ ಶ್ರಮದಿಂದಲೇ ಸಂಸ್ಕೃತ ಕಲಿತರು. ನಮ್ಮನ್ನು ಕೆಳಗಿಟ್ಟ ಗ್ರಂಥಗಳನ್ನು ಓದಿ ಪ್ರಶ್ನಿಸುವಷ್ಟು ಕಲಿತರು.

282 ಅಂಕದ ಆ ಹುಡುಗ ಬರೋಡಾ ಮಹಾರಾಜರ ವಿದ್ಯಾರ್ಥಿವೇತನದಿಂದ 1913ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯ ಸೇರಿದರು. ಹೊಟ್ಟೆ ಕಟ್ಟಿ ಸುಮಾರು 2,000 ಹಳೆಯ ಪುಸ್ತಕ ಕೊಂಡರು. ಅಲ್ಲಿಂದ ಲಂಡನ್ನಿಗೆ ಹೋದರು. ವಿದ್ಯಾರ್ಥಿವೇತನ ಮುಗಿದು, 1917ರಲ್ಲಿ ಓದು ಅರ್ಧಕ್ಕೆ ಬಿಟ್ಟು ಭಾರತಕ್ಕೆ ಮರಳಬೇಕಾಯಿತು. ಯುದ್ಧಕಾಲ. ಅವರ ಪುಸ್ತಕಗಳನ್ನು ಹೊತ್ತ ಹಡಗು ಕಡಲಲ್ಲಿ ಮುಳುಗಿತು.

ಅವರು ಆಮೇಲೆ ಮಾಡಿದ್ದನ್ನು ನಮ್ಮ ಮಕ್ಕಳಿಗೆ ಬಿಡಿಸಿ ಹೇಳಬೇಕು. ಹಂಬಲವಿದೆ ಎಂದು ಹೊಟ್ಟೆಪಾಡನ್ನು ಮರೆಯಲಿಲ್ಲ, ಹೊಟ್ಟೆಪಾಡಿದೆ ಎಂದು ಹಂಬಲವನ್ನೂ ಬಿಡಲಿಲ್ಲ. ಬಾಂಬೆಯ ಸಿಡೆನ್‌ಹ್ಯಾಮ್ ಕಾಲೇಜಿನಲ್ಲಿ ಪಾಠ ಮಾಡಿ ಸಂಬಳದಲ್ಲಿ ದುಡ್ಡು ಉಳಿಸಿದರು. ಕೊಲ್ಲಾಪುರದ ಶಾಹು ಮಹಾರಾಜರು ನೆರವಾದರು. ಗೆಳೆಯ ನವಲ್ ಭಾಥೇನಾ ಸಾಲ ಕೊಟ್ಟರು. 1920ರಲ್ಲಿ ಮತ್ತೆ ಲಂಡನ್. ಬ್ರಿಟಿಷ್ ಮ್ಯೂಸಿಯಂ ಗ್ರಂಥಾಲಯದಲ್ಲಿ ಇಡೀ ದಿನ ಓದು, ಅರೆಹೊಟ್ಟೆ ಊಟ. ಜೀವನಕ್ಕೆ ಇರಲಿ ಎಂದು ಬ್ಯಾರಿಸ್ಟರ್ ಓದು, ಮನಸ್ಸಿಗೆ ಬೇಕಾದದ್ದು ಅರ್ಥಶಾಸ್ತ್ರ. ರೂಪಾಯಿಯ ಸಮಸ್ಯೆಯ ಬಗ್ಗೆ ಬರೆದ ಪ್ರಬಂಧವನ್ನು ಪರೀಕ್ಷಕರು ಹಾಗೇ ಒಪ್ಪಲಿಲ್ಲ, ತಿದ್ದಿ ಬರೆಯಲು ಹೇಳಿದರು. ತಿದ್ದಿ ಬರೆದರು. 1923ರಲ್ಲಿ ಡಿ.ಎಸ್‌ಸಿ. ಪದವಿ ಬಂತು. ಇದರಲ್ಲಿ ಎಷ್ಟು ಪಾಲು ಹುಟ್ಟಿನದು, ಎಷ್ಟು ಪಾಲು ಕೂತು ಮಾಡಿದ್ದು ಎಂದು ನೀವೇ ಅಳೆಯಿರಿ.

ಒಬ್ಬರ ಕೈಗೆ ಬೇಗ ಹತ್ತುವ ಕೆಲಸ ಇನ್ನೊಬ್ಬರಿಗೆ ತಡವಾಗಿ ಹತ್ತುತ್ತದೆ. ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಬಾಬಾಸಾಹೇಬರು ಹುಟ್ಟು ಮೇಧಾವಿ, ನಮ್ಮಿಂದ ಅದೆಲ್ಲ ಆಗದು ಎಂದು ಕೈಮುಗಿದು ಕೂರುವುದಿದೆಯಲ್ಲ, ಅದು ಅವರನ್ನು ಅವತಾರ ಮಾಡಿದ ಹಾಗೆ. ನಾಗಪುರದ 22 ಪ್ರತಿಜ್ಞೆಗಳಲ್ಲಿ ನಾವು ಬಿಟ್ಟು ಬಂದದ್ದೇ ಅವತಾರದ ನಂಬಿಕೆಯನ್ನು. ಪ್ರತಿಮೆಗೆ ಹಾರ ಹಾಕುವುದು ಸುಲಭ. 282ರಿಂದ ಮುಂದಕ್ಕೆ ನಡೆಯುವುದು ಕಷ್ಟ.

ಇನ್ನೊಂದು ಸಂಗತಿ. ಬದುಕಿನ ಕೊನೆಯ ವರ್ಷಗಳಲ್ಲಿ, ಸಕ್ಕರೆ ಕಾಯಿಲೆ, ಕಾಲುನೋವಿನ ನಡುವೆ, ಬಾಬಾಸಾಹೇಬರು ಪಿಟೀಲು ಕಲಿಯುತ್ತಿದ್ದರು. ಚಿತ್ರ ಬರೆಯುವುದಕ್ಕೂ ಕೈ ಹಾಕಿದ್ದರು. ಸಂವಿಧಾನದ ಕರಡು ಸಮಿತಿಯ ಅಧ್ಯಕ್ಷರಾಗಿದ್ದವರು ಮತ್ತೆ ವಿದ್ಯಾರ್ಥಿಯಾಗಿ ಅಪಸ್ವರ ನುಡಿಸಲು ನಾಚಲಿಲ್ಲ. ಪಿಟೀಲಿನಿಂದ ಅವರಿಗೆ ಹೆಸರು ಬೇಕಿರಲಿಲ್ಲ, ಹಣವೂ ಬೇಕಿರಲಿಲ್ಲ. ಕಲಿಯುವುದೇ ಬೇಕಿತ್ತು.

ಧಮ್ಮದಲ್ಲಿ ಇದಕ್ಕೊಂದು ಹೆಸರಿದೆ, ಛಂದ. ಕವಿತೆಯ ಛಂದಸ್ಸಲ್ಲ, ಒಳ್ಳೆಯದನ್ನು ಮಾಡಬೇಕೆಂಬ ಇಚ್ಛೆ. ನಾಲ್ಕು ಇದ್ಧಿಪಾದಗಳಲ್ಲಿ ಮೊದಲನೆಯದು ಅದು. ಅದರ ಹಿಂದೆ ವಿರಿಯ, ಅಂದರೆ ಶ್ರಮ. ನಂತರ ಚಿತ್ತ, ಮನಸ್ಸು ಅಲ್ಲೇ ನೆಲೆಗೊಳ್ಳುವುದು. ಕೊನೆಗೆ ವೀಮಂಸಾ, ಎಲ್ಲಿ ತಪ್ಪಿತು ಎಂದು ಪರೀಕ್ಷಿಸಿ ತಿದ್ದಿಕೊಳ್ಳುವುದು. ಈ ನಾಲ್ಕರಲ್ಲಿ ಹುಟ್ಟು ಎಲ್ಲೂ ಇಲ್ಲ ಎಂಬುದನ್ನು ಗಮನಿಸಿ. ವಾಸೆಟ್ಠ ಸುತ್ತದಲ್ಲಿ ಭಗವಾನರು ತೋರಿಸಿದ್ದೂ ಅದನ್ನೇ: ರೈತನಾಗಲಿ, ಕುಶಲಕರ್ಮಿಯಾಗಲಿ, ಮನುಷ್ಯ ಆಗುವುದು ತಾನು ಮಾಡುವ ಕೆಲಸದಿಂದ, ಜನ್ಮದಿಂದಲ್ಲ.

ಛಂದ ಬೇರೆ, ತಣ್ಹಾ ಬೇರೆ. ಚಿತ್ರಗಾರ್ತಿ ಎನಿಸಿಕೊಳ್ಳಬೇಕು ಎಂಬುದು ತಣ್ಹಾ. ಚಿತ್ರ ಬರೆಯಬೇಕು ಎಂಬುದು ಛಂದ. ಚಪ್ಪಾಳೆ ನಿಂತ ದಿನ ತಣ್ಹಾ ಸುಮ್ಮನಾಗುತ್ತದೆ. ಛಂದ ಮರುದಿನ ಬೆಳಿಗ್ಗೆ ಮತ್ತೆ ಎದ್ದು ಕೂರುತ್ತದೆ.

ಹಾಗಾಗಿ ಆ ತಾಯಿಗೆ ನನ್ನ ಉತ್ತರ ಇದು. ಅಮ್ಮ, ಮಗಳಲ್ಲಿ ಪ್ರತಿಭೆ ಇದೆಯೇ ಎಂದು ಯಾರನ್ನೂ ಕೇಳಬೇಡಿ. ಯಾರೂ ನೋಡದಿದ್ದಾಗಲೂ ಬರೆಯುತ್ತಾಳೆಯೇ, ಕೆಟ್ಟ ಚಿತ್ರವನ್ನು ಹರಿದೆಸೆಯದೆ ತಿದ್ದುತ್ತಾಳೆಯೇ, ಅದನ್ನು ಒಂದು ವರ್ಷ ನೋಡಿ. ಲೆಕ್ಕದ ಚುರುಕು ಅನ್ನಕ್ಕೆ ದಾರಿಯಾಗಲಿ, ಅದನ್ನು ಬಿಡಿಸಬೇಡಿ. ಆದರೆ ಅದರ ಹೆಸರಲ್ಲಿ ಕುಂಚವನ್ನೂ ಕಿತ್ತುಕೊಳ್ಳಬೇಡಿ. ಬಾಬಾಸಾಹೇಬರ ಹಿಂದೆ ಒಬ್ಬ ಶಿಕ್ಷಕ, ಒಬ್ಬ ಗೆಳೆಯ, ಸನ್ಮಾನಕ್ಕೆ ಸೇರಿದ ಒಂದು ಕೇರಿ ಇತ್ತು. ಅವಳ ಹಿಂದೆ ನಮ್ಮ ಬಳಗ ಇರಲಿ. ಬಣ್ಣ, ಕಾಗದದ ಖರ್ಚನ್ನು ನಾವು ಹಂಚಿಕೊಳ್ಳೋಣ.

1956ರ ಡಿಸೆಂಬರ್ 5ರ ರಾತ್ರಿಯೂ ಬಾಬಾಸಾಹೇಬರು 'ಬುದ್ಧ ಮತ್ತು ಆತನ ಧಮ್ಮ'ದ ಮುನ್ನುಡಿಯ ಹಾಳೆಗಳನ್ನು ತರಿಸಿಕೊಂಡಿದ್ದರು. ಬೆಳಗಾಗುವಷ್ಟರಲ್ಲಿ ಅವರಿರಲಿಲ್ಲ. ಮರುವರ್ಷ ಪುಸ್ತಕ ಬಂತು.

ಇಂದಿನ ಅಭ್ಯಾಸ: ನಿಮ್ಮಿಂದಾಗದು ಎಂದು ಯಾರೋ ಹೇಳಿ ಬಿಡಿಸಿದ ಒಂದು ವಿದ್ಯೆಯನ್ನು ನೆನಪಿಸಿಕೊಳ್ಳಿ. ಇವತ್ತು ಅರ್ಧ ಗಂಟೆ ಅದರ ಮುಂದೆ ಕೂತುಕೊಳ್ಳಿ.

ಭವತು ಸಬ್ಬ ಮಂಗಲಂ. ಜೈ ಭೀಮ್ 💙